ಹಂಡ್ಯಾನ ಎರಡನೆಯ ಕೋಡು

ನಮ್ಮ ಹಾನಗಲ್ಲಿನಲ್ಲಿ ಒಂದು ವಯಸ್ಸು ದಾಟಿದ ಯಾರನ್ನೇ ಕೇಳಿ, ಹುಟ್ಟಿದ್ದು ಜೂನ್ ಒಂದನೇ ತಾರೀಖು ಎನ್ನುತ್ತಾರೆ. ಅತ್ತ ಶಿಗ್ಗಾಂವಿ, ಸವಣೂರು, ಇತ್ತ ಹಿರೇಕೆರೂರಿನಲ್ಲೂ ಇದೇ ಕಥೆ. ಹೊರಗಿನವರು ಕೇಳಿದರೆ, ಇಷ್ಟೊಂದು ತಾಯಂದಿರು ಒಂದೇ ದಿನ ಹೇಗೆ ಹೆತ್ತರು, ಅಷ್ಟೊಂದು ಸೂಲಗಿತ್ತಿಯರು ಎಲ್ಲಿಂದ ಬಂದರು ಎಂದು ಗಾಬರಿಯಾದಾರು. ಗುಟ್ಟು ಇಷ್ಟೇ. ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಹುಟ್ಟಿದ ದಿನ ಕೇಳುತ್ತಿದ್ದರು. ಕೈಹಿಡಿದು ಕರೆತಂದ ಅಪ್ಪ, ಜೋಳ ತೆನೆ ಹಾಯುವ ಹೊತ್ತಿಗೆ, ದೊಡ್ಡ ಮಳೆ ಬಿದ್ದ ವರ್ಷ ಎಂದು ಖಚಿತವಾಗಿಯೇ ಹೇಳುತ್ತಿದ್ದ. ಆದರೆ ಮಾಸ್ತರರ ಹಾಜರಿ ಪುಸ್ತಕದಲ್ಲಿ ಜೋಳಕ್ಕೂ ಮಳೆಗೂ ಜಾಗವಿರಲಿಲ್ಲ. ಅವರು ಶಾಲೆ ಶುರುವಾಗುವ ದಿನವನ್ನೇ ಬರೆದುಕೊಂಡು ಮುಂದಿನ ಮಗುವನ್ನು ಕರೆಯುತ್ತಿದ್ದರು.

ನನ್ನ ಅವ್ವ ಗಂಗವ್ವ ಮೂರನೆಯ ಇಯತ್ತೆ ಓದಿದವಳು. ಆ ಮೂರು ವರ್ಷದ ಓದಿನಿಂದ ಅವಳಿಗೆ ಓದುಬರಹ, ಕೂಡುವ ಕಳೆಯುವ ಲೆಕ್ಕ ಮತ್ತು ಜೂನ್ ಒಂದು ದಕ್ಕಿದವು. ಮೊದಲ ಎರಡನ್ನು ಅವಳು ಬಳಸಿದಳು. ಮೂರನೆಯದು ಆಧಾರ್ ಕಾರ್ಡಿನಲ್ಲಿ ಸುಮ್ಮನೆ ಕುಳಿತಿತ್ತು. ಹೋದ ಬೇಸಿಗೆಯಲ್ಲಿ ನನ್ನ ಮಗಳು ಸಹನಾ ಯಾವುದೋ ಅರ್ಜಿ ತುಂಬುವಾಗ ಆ ಕಾರ್ಡು ನೋಡಿ, ಈ ಜೂನ್ ಒಂದಕ್ಕೆ ಅಜ್ಜಿಗೆ ಎಪ್ಪತ್ತೈದು ತುಂಬುತ್ತದೆ ಎಂದು ಕಂಡುಹಿಡಿದಳು. ಹದಿನಾರು ವಯಸ್ಸಿನ ಹುಡುಗಿಗೆ ಇಂಥದ್ದೊಂದು ಸಿಕ್ಕರೆ ಬಿಟ್ಟಾಳೆಯೇ?

"ಅಜ್ಜಿ, ನಿಮ್ಮ ಹುಟ್ಟುಹಬ್ಬಕ್ಕ ಏನು ಬೇಕು ಹೇಳ್ರಿ" ಎಂದು ಕೇಳಿದಳು.

ಅವ್ವ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಯಾರು ಏನು ಕೇಳಿದರೂ ಅವಳದು ಒಂದೇ ಉತ್ತರ, ನನಗೇನು ಬೇಕವಾ, ಎಲ್ಲಾ ಐತಿ. ಅಂದು ಮಾತ್ರ ಯಾಕೋ, ತಲೆ ಎತ್ತದೆಯೇ ಬೇರೆ ಮಾತು ಹೇಳಿದಳು. "ನಮ್ಮ ಹಂಡ್ಯಾನ್ನ ಒಮ್ಮೆ ನೋಡಬೇಕಿತ್ತು ನೋಡು."

ಸಹನಾ ನನ್ನ ಕಡೆ ನೋಡಿದಳು. ನಾನು ಪೇಪರಿನ ಹಿಂದೆ ಅಡಗಿದೆ.

ಹಂಡ್ಯಾ ನಮ್ಮ ಎತ್ತು. ಬಿಳಿ ಮೈ, ಅದರ ಮೇಲೆ ಕರಿ ಮಚ್ಚೆಗಳು. ಅಂಥ ಬಣ್ಣಕ್ಕೆ ನಮ್ಮಲ್ಲಿ ಹಂಡ ಎನ್ನುತ್ತಾರೆ. ಅದು ಕರುವಾಗಿದ್ದಾಗ ತಾಯಿ ಸತ್ತದ್ದರಿಂದ ಅವ್ವ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದಳು. ನನಗೆ ಹತ್ತು ವರ್ಷವಾಗಿದ್ದಾಗ ಅಪ್ಪ ಟ್ರ್ಯಾಕ್ಟರ್ ತರಲು ನಿರ್ಧರಿಸಿದ. ಅವ್ವ ತನ್ನ ತಂಗಿಯ ಬಾಣಂತನಕ್ಕೆಂದು ತವರಿಗೆ ಹೋಗಿದ್ದ ವಾರ ಹಂಡ್ಯಾನನ್ನು ದನದ ಸಂತೆಗೆ ಹೊಡೆದುಕೊಂಡು ಹೋದ. ಜೊತೆಗೆ ನಾನೂ ಹೋಗಿದ್ದೆ. ಅವ್ವ ತಿರುಗಿ ಬಂದು ಮೇವಿನ ಗೋದಲಿ ಖಾಲಿ ಬಿದ್ದದ್ದನ್ನು ನೋಡಿದಳು, ಕಾಲು ತೊಳೆದುಕೊಂಡು ಒಳಗೆ ಹೋಗಿ ಒಲೆ ಹಚ್ಚಿದಳು. ಯಾರಿಗೆ ಕೊಟ್ಟಿರಿ ಎಂದು ಅಪ್ಪನನ್ನು ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ಅಪ್ಪ ತೀರಿಕೊಂಡು ಹನ್ನೆರಡು ವರ್ಷವಾಯಿತು. ಕೇಳದವಳಿಗೆ ನಾನಾಗಿ ಹೇಳಲೂ ಇಲ್ಲ. ಅವಳು ಮರೆತಿದ್ದಾಳೆ ಎಂದುಕೊಂಡಿದ್ದೆ. ಮಕ್ಕಳು ತಮಗೆ ಅನುಕೂಲವಾಗುವಂತೆ ಇಂಥವನ್ನು ನಂಬಿಕೊಂಡಿರುತ್ತಾರೆ.

ಮರುದಿನವೇ ಸಹನಾ ತೀರ್ಪು ಕೊಟ್ಟಳು. ಹಂಡ್ಯಾನನ್ನು ತರಲಾಗುವುದಿಲ್ಲ, ಆದ್ದರಿಂದ ಹಂಡ್ಯಾನ ಆಕಾರದ ಕೇಕು ಮಾಡಬೇಕು. ಬೇಕರಿಯಲ್ಲಿ ಹೇಳೋಣವೆಂದರೆ ಅವ್ವ ಬೇಕರಿಯ ಕೇಕು ಮುಟ್ಟುವುದಿಲ್ಲ, ತತ್ತಿ ಹಾಕಿರುತ್ತಾರೆಂಬ ಅನುಮಾನ. ಹಾಗಾಗಿ ಮನೆಯಲ್ಲೇ ಆಗಬೇಕು. ನನ್ನ ಹೆಂಡತಿ ಸುಮಾ ಪ್ರಾಥಮಿಕ ಶಾಲೆಯ ಶಿಕ್ಷಕಿ. "ಜೂನ್ ಒಂದು ಅಂದ್ರ ನಮ್ಮ ಸಾಲಿ ಶುರು ಆಗೋ ಹೊತ್ತು. ನನ್ನ ಹತ್ರ ಟೈಮ್ ಇಲ್ಲ. ನಿಮ್ಮ ಪಪ್ಪಾ ಖಾಲಿ ಅದಾರ, ಅವರ್ನ ಹಿಡಿ" ಎಂದಳು.

ನಾನು ಪಿಯು ಕಾಲೇಜಿನಲ್ಲಿ ತರ್ಕಶಾಸ್ತ್ರದ ಉಪನ್ಯಾಸಕ. ಬೇಸಿಗೆ ರಜೆಯಲ್ಲಿ ಖಾಲಿ ಇರುತ್ತೇನೆ ಎಂಬುದು ನಿಜ. ರಜೆಯಿಲ್ಲದಾಗಲೂ ಹೆಚ್ಚುಕಡಿಮೆ ಖಾಲಿಯೇ ಎಂಬುದು ಮನೆಯವರ ಅಭಿಪ್ರಾಯ. ತರ್ಕಶಾಸ್ತ್ರ ಆರಿಸಿಕೊಳ್ಳುವ ಮಕ್ಕಳು ಒಂದು ಬೆಂಚಿನಲ್ಲಿ ಹಿಡಿಸುತ್ತಾರೆ, ಅವರಲ್ಲೂ ಕೆಲವರು ಬೇರೆ ವಿಷಯಕ್ಕೆ ಸೀಟು ಸಿಗದೆ ಬಂದವರು. ಅಡುಗೆಯಲ್ಲಿ ನನ್ನ ಅನುಭವವೆಂದರೆ ಚಹಾ. ಅದಕ್ಕೂ ಸಕ್ಕರೆ ಹಾಕಿದೆನೋ ಇಲ್ಲವೋ ಎಂದು ಕುಡಿದವರನ್ನು ಕೇಳುವ ರೂಢಿ ನನ್ನದು.

ಕೇಕಿಗೆ ಆಕಾರ ಬರಬೇಕಾದರೆ ಸಿಲಿಕಾನ್ ಅಚ್ಚು ಬೇಕು ಎಂದು ಮಗಳು ಫೋನಿನಲ್ಲಿ ನೋಡಿ ಹೇಳಿದಳು. ಶಿಗ್ಗಾಂವಿಯಲ್ಲಿ ಕೇಕಿನ ಸಾಮಾನು ಮಾರುವ ಅಂಗಡಿಯೊಂದಿದೆ ಎಂದು ತಿಳಿದು ಬಸ್ಸು ಹತ್ತಿದೆ. ಅಂಗಡಿಯ ಹೆಣ್ಣುಮಗಳು ಗೋಡೆಗೆ ನೇತುಹಾಕಿದ್ದ ಅಚ್ಚುಗಳನ್ನು ಒಂದೊಂದಾಗಿ ಇಳಿಸಿ ತೋರಿಸಿದಳು. ಮುಟ್ಟಿದರೆ ಮೆತ್ತಗೆ, ಹಿಂಡಿದರೆ ಮುದ್ದೆ, ಬಿಟ್ಟರೆ ಮತ್ತೆ ತನ್ನ ಆಕಾರ.

"ಎತ್ತು ಇಲ್ರಿ ಸರ್. ಆನಿ ಐತಿ, ಮೀನ ಐತಿ, ಕರಡಿ ಐತಿ, ಕಾರ್ ಐತಿ."

"ಆಕಳಾದ್ರೂ?"

"ಆಕಳನ್ನ ಯಾರೂ ಕೇಳಂಗಿಲ್ರಿ." ಸ್ವಲ್ಪ ಯೋಚಿಸಿ ಅವಳು ಒಳಗಿನಿಂದ ತಾಟಿನಷ್ಟು ಅಗಲದ ಗುಲಾಬಿ ಬಣ್ಣದ ಅಚ್ಚು ತಂದಳು. "ಇದನ್ನ ನೋಡ್ರಿ. ಯುನಿಕಾರ್ನ್. ನಾಕು ಕಾಲು ಅದಾವು, ಬಾಲ ಐತಿ, ಒಂದು ಕೋಡೂ ಐತಿ. ರೆಕ್ಕಿ ಕತ್ತರಿಸಿ, ಇನ್ನೊಂದು ಕೋಡು ನೀವ ಹಚ್ಕೊಂಡ್ರ ಆತು."

ಇಲ್ಲಿ ಓದುಗರು ನನ್ನ ಸ್ಥಿತಿಯನ್ನು ಅರ್ಥಮಾಡಿಕೊಳ್ಳಬೇಕು. ಲೋಕದಲ್ಲಿ ಇಲ್ಲದ ವಸ್ತುವಿಗೆ ನಮ್ಮ ಹಳೆಯ ತಾರ್ಕಿಕರು ಕೊಡುವ ಉದಾಹರಣೆ ಮೊಲದ ಕೋಡು. ಹೆಸರು ಇದೆ, ವಸ್ತು ಇಲ್ಲ. ಪಶ್ಚಿಮದವರು ಇದೇ ಪಾಠಕ್ಕೆ ಒಂಟಿ ಕೋಡಿನ ಕುದುರೆಯನ್ನು ಹಿಡಿಯುತ್ತಾರೆ. ಇಪ್ಪತ್ತೈದು ವರ್ಷ ಕರಿಹಲಗೆಯ ಮುಂದೆ ನಿಂತು, ಒಂಟಿ ಕೋಡಿನ ಕುದುರೆ ಎಲ್ಲಿಯೂ ಇಲ್ಲ ಎಂದು ಹೇಳಿಯೇ ನಾನು ಸಂಬಳ ತೆಗೆದುಕೊಂಡಿದ್ದೇನೆ. ಅದು ಶಿಗ್ಗಾಂವಿಯಲ್ಲಿ, ಕಣ್ಣಿಗೆ ಉದ್ದನೆಯ ರೆಪ್ಪೆ ಹಚ್ಚಿಕೊಂಡು, ನಗುತ್ತ, ನನಗಾಗಿ ಕಾಯುತ್ತಿತ್ತು. ಚೀಲದಲ್ಲಿ ಹಾಕಿಸಿಕೊಂಡು ಬಂದೆ. ಬಸ್ಸಿನಲ್ಲಿ ಪಕ್ಕದವರು, ಏನ್ ತಂದ್ರಿ ಸರ್ ಎಂದು ಕೇಳಿದಾಗ, ಎತ್ತು ಎಂದೆ. ಅವರು ಮತ್ತೆ ಮಾತಾಡಿಸಲಿಲ್ಲ.

ಅವ್ವನಿಗೆ ಸುಳಿವು ಸಿಗದಿರಲೆಂದು ನನ್ನ ತಂಗಿ ಗಿರಿಜಾ ಅವಳನ್ನು ರಟ್ಟೀಹಳ್ಳಿಯ ತನ್ನ ಮನೆಗೆ ಒಂದು ವಾರ ಕರೆದುಕೊಂಡು ಹೋದಳು. ಜೂನ್ ಒಂದರ ಮಧ್ಯಾಹ್ನ ತಿರುಗಿ ಕರೆತರುವುದೆಂದು ಮಾತಾಯಿತು. ಗೃಹಪ್ರವೇಶಕ್ಕೆ ಯಾರೋ ಕೊಟ್ಟಿದ್ದ ಓವನ್ನಿನಲ್ಲಿ ಸುಮಾ ಹಪ್ಪಳ, ಸಂಡಿಗೆ ತುಂಬಿಟ್ಟಿದ್ದಳು. ಅವನ್ನೆಲ್ಲ ಹೊರಗೆ ತೆಗೆದು ನಾನು ಕೆಲಸಕ್ಕೆ ಇಳಿದೆ.

ಮೊದಲ ಪ್ರಯತ್ನದ ಕಥೆಯನ್ನು ಬೇಗ ಮುಗಿಸುತ್ತೇನೆ, ನೆನೆಯಲು ಅಂಥದ್ದೇನಿಲ್ಲ. ಮೈದಾ, ಹಾಲಿನ ಪುಡಿ, ಸಕ್ಕರೆ ಪುಡಿ, ಎಣ್ಣೆ ಎಲ್ಲ ಕಲಸಿದೆ. ತತ್ತಿಯ ಬದಲು ಮೊಸರಿಗೆ ಸೋಡಾ ಹಾಕಿದಾಗ ಅದು ಬುಸ್ಸೆಂದು ಉಕ್ಕಿದ್ದನ್ನು ಕಂಡು ಖುಷಿಪಟ್ಟೆ. ಹಿಟ್ಟನ್ನು ಅಚ್ಚಿಗೆ ಕಟ್ಟೆಯ ಮೇಲೆಯೇ ತುಂಬಿದೆ. ಆಮೇಲೆ ಎರಡೂ ತುದಿ ಹಿಡಿದು ಓವನ್ನಿನ ಕಡೆಗೆ ಎತ್ತಿದೆ. ಸಿಲಿಕಾನಿಗೆ ಬೆನ್ನೆಲುಬು ಇಲ್ಲ ಎಂಬುದು ಆಗ ತಿಳಿಯಿತು. ನಡುವೆ ಅದು ಜೋಲಿಯಂತೆ ಜಗ್ಗಿ, ಕುದುರೆಯ ಕುತ್ತಿಗೆಯ ಕಡೆಯಿಂದ ಹಿಟ್ಟು ನನ್ನ ಎಡಗಾಲಿನ ಮೇಲೆ ಇಳಿಯಿತು. ಉಳಿದದ್ದನ್ನು ಬೇಯಿಸಿದೆ. ವಾಸನೆ ಬಂತೆಂಬ ಆತುರದಲ್ಲಿ ಬಿಸಿ ಇರುವಾಗಲೇ ಬೋರಲು ಹಾಕಿದೆ. ಮೈ ತಾಟಿಗೆ ಬಂತು, ತಲೆ ಅಚ್ಚಿನಲ್ಲೇ ಉಳಿಯಿತು.

"ಪಪ್ಪಾ, ಪೂರ್ತಿ ಆರಿದ ಮ್ಯಾಲೆ ತೆಗಿಬೇಕು ಅಂತ ಹೇಳಿದ್ದೆ" ಎಂದಳು ಸಹನಾ.

"ಯಾವಾಗ ಹೇಳಿದ್ದಿ?"

"ನಿಮಗ ಹಿಟ್ಟು ಕಾಲಿಗೆ ಬಿತ್ತಲ್ಲ, ಆವಾಗ."

ಮೂರು ದಿನ ಮೂವರೂ ಚಹದ ಜೊತೆ ಕುದುರೆಯನ್ನೇ ತಿಂದೆವು. ರುಚಿ ಕೆಟ್ಟಿರಲಿಲ್ಲ. ಪಕ್ಕದ ಮನೆಗೂ ಒಂದು ತುಂಡು ಕೊಟ್ಟೆವು. ಅವರು, ರವೆ ಉಂಡಿ ಚಲೋ ಆಗೇತ್ರಿ ಎಂದರು.

ಎರಡನೆಯ ಸಲ, ಮೇ ತಿಂಗಳ ಕೊನೆಯ ದಿನ ಬೆಳಿಗ್ಗೆ, ನಾನು ಬೇರೆಯೇ ಮನುಷ್ಯನಾಗಿದ್ದೆ. ಅಚ್ಚನ್ನು ಮೊದಲು ಗಟ್ಟಿ ಸ್ಟೀಲ್ ತಟ್ಟೆಯ ಮೇಲೆ ಇಟ್ಟೆ. ಕಿವಿ, ಗೊರಸು, ಬಾಲದ ಸುರುಳಿ ಯಾವುದನ್ನೂ ಬಿಡದೆ ಬ್ರಷ್ಷಿನಿಂದ ಎಣ್ಣೆ ಸವರಿದೆ. ಮೈದಾ ಉದುರಿಸಿ ಹೆಚ್ಚಾದದ್ದನ್ನು ಕೊಡವಿದೆ. ಹಿಟ್ಟನ್ನು ಮೂರರಲ್ಲಿ ಎರಡು ಪಾಲಷ್ಟೇ ತುಂಬಿದೆ, ಉಬ್ಬಿ ಮೇಲೆ ಬರಲು ಅದಕ್ಕೂ ಜಾಗ ಬೇಕು. ಒಳಗಿನ ಗಾಳಿ ಹೋಗಲೆಂದು ತಟ್ಟೆಯನ್ನು ಮೆಲ್ಲಗೆ ಕುಟ್ಟಿದೆ. ಬೆಂದಿತೋ ಎಂದು ಹೊಸ ಕಸಬರಿಗೆಯ ಕಡ್ಡಿ ಚುಚ್ಚಿ ನೋಡಿದೆ, ಒಣಗಿಯೇ ಹೊರಬಂತು. ಆಮೇಲೆ ಎಲ್ಲಕ್ಕಿಂತ ಕಷ್ಟದ ಕೆಲಸ, ಸುಮ್ಮನೆ ಕೂರುವುದು. ಆರಲು ಒಂದು ತಾಸು, ಬಳಿಕ ಫ್ರಿಜ್ಜಿನಲ್ಲಿ ಅರ್ಧ ತಾಸು. ನಾನು ಎದ್ದು ಹೋದಾಗಲೆಲ್ಲ ಸುಮಾ ಫ್ರಿಜ್ಜಿನ ಮುಂದೆ ಬಂದು ನಿಂತಳು.

ಕೊನೆಗೆ ಅಚ್ಚನ್ನು ಹಲಗೆಯ ಮೇಲೆ ಬೋರಲು ಹಾಕಿ, ಮಗುವಿನ ಕಾಲಿನಿಂದ ಒದ್ದೆ ಕಾಲುಚೀಲ ಬಿಡಿಸಿದ ಹಾಗೆ, ಅಂಚಿನಿಂದ ಸ್ವಲ್ಪ ಸ್ವಲ್ಪವೇ ಸುಲಿದೆ. ಕಾಲು ಬಂತು, ಹೊಟ್ಟೆ ಬಂತು, ಕುತ್ತಿಗೆ ಬಂತು, ತಲೆಯೂ ಬಂತು. ತರ್ಕಶಾಸ್ತ್ರ ಇಲ್ಲವೆಂದ ವಸ್ತುವೊಂದು ಹಾನಗಲ್ಲಿನ ನಮ್ಮ ಅಡುಗೆಮನೆಯಲ್ಲಿ, ಕಂದು ಬಣ್ಣದಲ್ಲಿ, ಏಲಕ್ಕಿಯ ವಾಸನೆಯಲ್ಲಿ ಮಲಗಿತ್ತು.

ಮರುದಿನ ಬೆಳಿಗ್ಗೆ ಕುದುರೆಯನ್ನು ಎತ್ತು ಮಾಡುವ ಕೆಲಸ. ಸುಮಾ ಅಂದು ರಜೆ ಹಾಕಿದ್ದಳು. ನನ್ನ ಕೈಯಲ್ಲಿ ಬಿಟ್ಟರೆ ಏನಾಗುತ್ತದೆಂದು ಅವಳು ಒಮ್ಮೆ ನೋಡಿದ್ದಳಲ್ಲ. ರೆಕ್ಕೆ ಕತ್ತರಿಸಿದೆವು, ಜೂಲು ಕೆರೆದೆವು, ಹಣೆಯ ನಡುವಿನ ಕೋಡನ್ನು ತೆಗೆದೆವು. ಹೀಗೆ ಬಿದ್ದ ಚೂರುಗಳನ್ನು ಕ್ರೀಮಿನಲ್ಲಿ ಕಲಸಿ ಹೆಗಲ ಮೇಲೆ ಎತ್ತಿನ ಡುಬ್ಬ ಏರಿಸಿದೆವು. ಮೈಗೆ ಬಳಿಯಲು ಇನ್ನಷ್ಟು ಕ್ರೀಮು ಕಡೆಯುತ್ತಿರುವಾಗ ಕರೆಂಟು ಹೋಯಿತು. ಮಿಕ್ಸರು ನಿಂತಿತು, ಕ್ರೀಮು ನೀರಾಗತೊಡಗಿತು. ಸುಮಾ ಪಾತ್ರೆಯನ್ನು ಐಸಿನ ಮೇಲಿಟ್ಟು, ಅವ್ವನ ಮಜ್ಜಿಗೆ ಕಡೆಯುವ ಕಡಗೋಲು ತಂದು ಕಡೆದಳು. ಬೆಣ್ಣೆ ಬಂದೀತೆಂದು ನಾನು ಹೆದರಿದೆ. ಅವಳು ಸರಿಯಾದ ಹೊತ್ತಿಗೆ ನಿಲ್ಲಿಸಿದಳು. ಕೋಡಿಗೆ ಏನು ಮಾಡುವುದೆಂದು ನಾವು ಯೋಚಿಸುತ್ತಿರುವಾಗ ಸಹನಾ ಒಣಕೊಬ್ಬರಿಯ ಬಟ್ಟಲಿನಿಂದ ಎರಡು ಬಾಗಿದ ಹೋಳು ಕೊಯ್ದು ತಂದಳು. ನೋಡಿದರೆ ಥೇಟು ಕೋಡೇ.

ಅವ್ವನನ್ನು ಬಿಟ್ಟರೆ ಹಂಡ್ಯಾನನ್ನು ಕಣ್ಣಾರೆ ಕಂಡವನು ಮನೆಯಲ್ಲಿ ನಾನೊಬ್ಬನೇ. ಹಾಗಾಗಿ ಮಚ್ಚೆ ಇಡುವ ಕೆಲಸ ನನ್ನ ಪಾಲಿಗೆ ಬಂತು. ಬಿಳಿ ಕ್ರೀಮು ಬಳಿದ ಮೈಮೇಲೆ ಕೋಕೋ ಬೆರೆಸಿದ ಕ್ರೀಮಿನಿಂದ, ಹೊಟ್ಟೆಯ ಮೇಲೆ ಒಂದು ದೊಡ್ಡದು, ಹೆಗಲ ಬಳಿ ಒಂದು, ಎಡಗಣ್ಣಿನ ಸುತ್ತ ಒಂದು. ಕೈ ತಡೆಯಲೇ ಇಲ್ಲ. ನಲವತ್ತೆರಡು ವರ್ಷದ ಹಿಂದಿನ ಮಚ್ಚೆಗಳು ಯಾವುದೂ ತಪ್ಪದೆ ನೆನಪಿನಲ್ಲಿದ್ದವು. ಕಣ್ಣಿನ ಸುತ್ತಲಿನದನ್ನು ಬಳಿಯುವಾಗ ನಾನು ಸ್ವಲ್ಪ ಹೊತ್ತು ಚಮಚ ಹಿಡಿದು ನಿಂತೆನಂತೆ. "ಏನಾತ್ರಿ?" ಎಂದು ಸುಮಾ ಕೇಳಿದಳು. ಏನಿಲ್ಲ ಎಂದೆ. ಕೆಂಪು ಬಣ್ಣದ ಕ್ರೀಮಿನಿಂದ ಬೆನ್ನಿಗೆ ಝೂಲ, ಅಂದರೆ ಹಬ್ಬಕ್ಕೆ ಎತ್ತಿಗೆ ಹಾಕುವ ಕನ್ನಡಿ ಹಚ್ಚಿದ ಬಟ್ಟೆ, ಹೊದಿಸಿ, ಕನ್ನಡಿಯ ಬದಲು ಬೆಳ್ಳಿ ಬಣ್ಣದ ಸಕ್ಕರೆ ಗುಳಿಗೆ ಅಂಟಿಸಿ, ದೊಡ್ಡ ಬುಟ್ಟಿ ಮುಚ್ಚಿ ಒಳಕೋಣೆಯ ತಂಪಿನಲ್ಲಿ ಇಟ್ಟೆವು. ಫ್ರಿಜ್ಜಿನಲ್ಲಿ ಹಲಗೆ ಹಿಡಿಯಲಿಲ್ಲ.

ನಾಲ್ಕು ಗಂಟೆಗೆ ಗಿರಿಜಾ ಅವ್ವನನ್ನು ಕರೆತಂದಳು. ಹೊಸ ಇಳಕಲ್ ಸೀರೆ ಉಡಿಸಿದ್ದಳು. ಮನೆ ತುಂಬ ಓಣಿಯ ಮಂದಿ, ಮಿರ್ಚಿ ಭಜಿಯ ವಾಸನೆ, ಸುಮಾಳ ತವರಿನವರು ತಂದ ಸವಣೂರಿನ ಕುರುಕಲು ಖಾರದ ಪೊಟ್ಟಣಗಳು. ಇದೆಲ್ಲ ಯಾರ ಸಲುವಾಗಿ ಎಂದು ಅವ್ವ ಎರಡು ಸಲ ಕೇಳಿದಳು. ಸಹನಾ ಅವಳನ್ನು ಮೇಜಿನ ಮುಂದೆ ಕೂರಿಸಿ ಬುಟ್ಟಿ ಎತ್ತಿದಳು.

ಅವ್ವ ಕನ್ನಡಕ ಸರಿಮಾಡಿಕೊಂಡು ಬಾಗಿದಳು. ಬಹಳ ಹೊತ್ತು ನೋಡಿದಳು.

"ಯಾರ ಎತ್ತಿದು?"

"ನಮ್ಮ ಹಂಡ್ಯಾ ಅಜ್ಜಿ. ಪಪ್ಪಾ ಮಾಡ್ಯಾರ."

"ಹಂಡ್ಯಾಂದು ಬಲಗೋಡು ಒಳಗ ಬಾಗಿತ್ತು. ಸಣ್ಣಾವ ಇದ್ದಾಗ ಗೂಟಕ್ಕ ಹಾಯ್ಕೊಂಡಿದ್ದ." ಅವಳು ಎರಡು ಬೆರಳಿನಿಂದ ಬಲಗಡೆಯ ಕೊಬ್ಬರಿಯನ್ನು ಹಿಡಿದು, ಒಳಮುಖವಾಗಿ ತಿರುಗಿಸಿದಳು. ಹಿಂದೆ ಸರಿದು ನೋಡಿದಳು. "ಈಗ ಬರೋಬ್ಬರಿ ಆತು."

ಎಲ್ಲರೂ ನಕ್ಕರು, ಚಪ್ಪಾಳೆ ಹೊಡೆದರು. ಮೇಣದಬತ್ತಿ ಹಚ್ಚಿದೆವು. ಸಹನಾ ರಿಬ್ಬನ್ ಕಟ್ಟಿದ ಚಾಕು ತಂದು ಅವ್ವನ ಕೈಗೆ ಕೊಟ್ಟಳು.

"ಇದ್ಯಾತಕ್ಕ?"

"ಕಟ್ ಮಾಡ್ರಿ ಅಜ್ಜಿ."

ಅವ್ವ ಚಾಕುವನ್ನು ನೋಡಿದಳು, ಎತ್ತನ್ನು ನೋಡಿದಳು. ಚಾಕುವನ್ನು ಮೇಜಿನ ಆ ತುದಿಗೆ ಇಟ್ಟಳು. "ನಾ ಒಲ್ಲೆ."

ನಮ್ಮ ಮೂವರಿಗೂ ಇದು ಹೊಳೆದೇ ಇರಲಿಲ್ಲ ಎಂದರೆ ನೀವು ನಂಬಬೇಕು. ಹಬ್ಬಕ್ಕೆ ಎತ್ತಿನ ಪಾದಕ್ಕೆ ಹಣೆ ಹಚ್ಚುವ, ಬಸವಣ್ಣ ಎಂದೇ ಕರೆಯುವ ಮನೆಯಲ್ಲಿ, ಹಾಲು ಕುಡಿಸಿ ಬೆಳೆಸಿದವಳ ಕೈಗೇ ಚಾಕು ಕೊಟ್ಟಿದ್ದೆವು. ಪಕ್ಕದ ಮನೆಯವರು, ಮೈದಾ ಹಿಟ್ಟಿಂದ ಐತ್ರಿ ಅಮ್ಮಾರ ಎಂದರು. "ಹಿಟ್ಟು ಅಂತ ನನಗೂ ಗೊತ್ತೈತಿ" ಎಂದಳು ಅವ್ವ. ನಾನು ನನ್ನ ವಿದ್ಯೆಯನ್ನು ಹೊರತೆಗೆದು, ವಸ್ತು ಬೇರೆ, ಅದರ ಆಕಾರ ಬೇರೆ ಎಂದು ವಿವರಿಸತೊಡಗಿದೆ. ಸುಮಾ ನನ್ನ ಕಾಲು ತುಳಿದಳು. ಸಹನಾ ಚಾಕುವನ್ನು ಎತ್ತಿಕೊಂಡು ಅದರ ರಿಬ್ಬನ್ ಬಿಚ್ಚತೊಡಗಿದ್ದಳು. ಮೇಣದ ಹನಿ ಝೂಲದ ಮೇಲೆ ಬೀಳುತ್ತಿತ್ತು.

ಅವ್ವ ನನ್ನ ಕಡೆ ತಿರುಗಿದಳು. ಸಣ್ಣ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ ಕೇಳಿದಳು. "ಅವತ್ತು ನಿಮ್ಮಪ್ಪನ ಕೂಡ ನೀನೂ ಹೋಗಿದ್ದೆಲ್ಲ ಮಲ್ಲೂ. ಯಾರಿಗೆ ಕೊಟ್ಟು ಬಂದ್ರಿ?"

ನಾನು ಅವಳ ಮುಂದಿನ ಕುರ್ಚಿಯಲ್ಲಿ ಕುಳಿತೆ.

"ಫಕ್ಕೀರಪ್ಪ ಅಂತ ಒಬ್ಬ ರೈತ, ಅವ್ವಾ. ಹಿರೇಕೆರೂರ ಕಡ್ಯಾವ. ಬ್ಯಾರೆಯವರು ಎಲ್ಲಾರೂ ಹಲ್ಲು ಹಿಡದು ನೋಡಿ ಹೋದ್ರು. ಅವಾ ಮೊದಲ ಮೈ ಸವರಿದ. ಹೆಸರೇನು ಅಂತ ನನ್ನ ಕೇಳಿದ. ನನಗ ಸಿಟ್ಟು ಬಂದಿತ್ತು, ಹೇಳಲಿಲ್ಲ. ಲಾರ್ಯಾಗ ಹಾಕ್ಕೊಂಡು ಹೋಗು ಅಂದ್ರ, ಬ್ಯಾಡ, ಕಾಲು ನೋಯ್ತಾವು, ನಡಸ್ಕೊಂಡ ಹೋಗ್ತೇನಿ ಅಂದ. ನಾ ಅಳಾಕತ್ತಿದ್ದೆ. ಸಂತಿ ದಾಟೂತನಕ ನೀನ ಹಗ್ಗ ಹಿಡಕೋ ಅಂತ ಕೊಟ್ಟ. ನೋಡಬೇಕು ಅನ್ನಿಸಿದ್ರ ಬಾ ಅಂತ ಊರ ಹೆಸರೂ ಹೇಳಿದ್ದ. ನಾ ಹೋಗಲಿಲ್ಲ."

"ರೈತನ ಹೌದಲ್ಲ?"

"ಹೌದವ್ವಾ. ರೈತನ. ನೊಗಾ ಹೊತ್ತು ಹೊತ್ತು ಅವನ ಭುಜಾ ಕರ್ರಗಾಗಿತ್ತು."

ಅವ್ವ ಸೆರಗಿನಿಂದ ಕನ್ನಡಕ ಒರೆಸಿಕೊಂಡಳು. "ಕಡಿಯಾವರ ಕೈಗೆ ಹೋತೇನೋ ಅಂತ ಇಷ್ಟು ವರ್ಷ ಅಂದ್ಕೊಂಡಿದ್ನೋ. ನಿಮ್ಮಪ್ಪಗ ಕೇಳಾಕ ಧೈರ್ಯ ಆಗಲಿಲ್ಲ. ಹೂಂ ಅಂದ್ರ ನಾ ಏನ್ ಮಾಡ್ಲಿ?"

ಭಜಿ ತಿನ್ನುತ್ತಿದ್ದವರೂ ಕೈ ನಿಲ್ಲಿಸಿದ್ದರು. ಒಂದು ವಾಕ್ಯದ ಉತ್ತರ ನನ್ನ ಬಳಿ ನಲವತ್ತೆರಡು ವರ್ಷ ಇತ್ತು, ಒಂದೇ ಮನೆಯಲ್ಲಿ, ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತ ನಾನು ಅದನ್ನು ಹೇಳಿರಲಿಲ್ಲ. ಅವಳು ಕೇಳಲಿಲ್ಲ ಎಂಬುದು ನನ್ನ ಸಮರ್ಥನೆ. ಬೇರೆ ಯಾರಾದರೂ ಇಂಥ ಸಮರ್ಥನೆ ಕೊಟ್ಟಿದ್ದರೆ ಅದರಲ್ಲಿನ ದೋಷವನ್ನು ನಾನು ಕರಿಹಲಗೆಯ ಮೇಲೆ ಬರೆದು ತೋರಿಸುತ್ತಿದ್ದೆ.

ಅವ್ವನೇ ಮೊದಲು ಅಲುಗಿದಳು. ಮೇಣದಬತ್ತಿಯನ್ನು ಊದಲಿಲ್ಲ, ಕಿತ್ತು ಪಕ್ಕಕ್ಕಿಟ್ಟಳು. "ಗೌರಿ ಹುಣ್ಣಿವಿಗೆ ಸಕ್ಕರಿ ಆರತಿ ತಿನ್ನೂದಿಲ್ಲೇನು? ಅದರಾಗೂ ಆನಿ, ಕುದುರಿ, ಎತ್ತು ಎಲ್ಲಾ ಇರ್ತಾವು. ಯಾರರ ಚಾಕು ತಗೊಂಡು ಕುಂದರ್ತಾರೇನು? ಕೈಲೇ ಮುರದು ತಿಂತಾರ." ನಮ್ಮ ಸೀಮೆಯಲ್ಲಿ ಆ ಹುಣ್ಣಿಮೆಗೆ ಕಟ್ಟಿಗೆಯ ಅಚ್ಚಿನಲ್ಲಿ ಸಕ್ಕರೆ ಪಾಕ ಹೊಯ್ದು ಗೊಂಬೆ ಮಾಡುತ್ತಾರೆ, ಪೂಜೆ ಮುಗಿಸಿ ಮಕ್ಕಳು ಕಟುಂ ಎಂದು ಕಡಿಯುತ್ತಾರೆ. ಅವ್ವ ಹಂಡ್ಯಾನ ಬೆನ್ನಿನ ಮೇಲಿನ ಕೆಂಪು ಝೂಲವನ್ನು ತುಸು ಸವರಿ, ಅಲ್ಲಿಂದ ಒಂದು ತುಂಡು ಮುರಿದಳು. ಮೊದಲು ಸಹನಾಳ ಬಾಯಿಗೆ ಇಟ್ಟಳು, ಆಮೇಲೆ ನನ್ನ ಬಾಯಿಗೆ.

"ಹಿಂದಿನ ಕಡಿಯಿಂದ ತಗೋರಿ ಎಲ್ಲಾರೂ" ಎಂದು ಅಪ್ಪಣೆಯಾಯಿತು. "ಮಾರಿಗೆ ಕಡೀಕ ಬರ್ರಿ."

ಹೀಗೆ ಓಣಿಯ ಮಂದಿಯೆಲ್ಲ ಸಾಲಾಗಿ ಬಂದು, ಎತ್ತನ್ನು ಕೈಯಿಂದ ಮುರಿದು ತಿಂದರು. ತನ್ನ ಪಾಲು ತಿಂದ ಮೇಲೆ ಅವ್ವ ಉಳಿದ ಮುಖವನ್ನು ಇನ್ನೊಮ್ಮೆ ದಿಟ್ಟಿಸಿ, "ಕಟಗಿ ಅಚ್ಚಿನ್ಯಾಗ ಹೊಯ್ದಿದ್ರ ಚಂದ ಬರ್ತಿತ್ತು. ಇದು ಯಾಕೋ ಕುದುರಿ ಮಾರಿ ಆಗೇತಿ" ಎಂದಳು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮುಂದಿನ ಭಾನುವಾರ ಅವ್ವ ತಾನೇ ಎದ್ದು ಸೀರೆ ಉಟ್ಟು ತಯಾರಾಗಿ ಕುಳಿತಳು. ಎಲ್ಲಿಗೆ ಎಂದು ಕೇಳುವ ಪ್ರಸಂಗವೇ ಇರಲಿಲ್ಲ. ಬಾಡಿಗೆ ಕಾರಿನಲ್ಲಿ ಹಿರೇಕೆರೂರು ದಾಟಿ, ಅವನು ಹೇಳಿದ್ದ ಊರಿಗೆ ದಾರಿ ಕೇಳುತ್ತ ಹೋದೆವು. ಫಕ್ಕೀರಪ್ಪ ತೀರಿಕೊಂಡು ಕೆಲವು ವರ್ಷವಾಗಿತ್ತು. ಅವನ ಹೆಂಡತಿ ನೀಲವ್ವ, ಅವ್ವನ ವಾರಿಗೆಯವಳು, ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಬಂದ ಕಾರಣ ಹೇಳಿದೆವು.

"ಹಂಡ್ಯಾ ಅಂತ ಯಾವ ಎತ್ತೂ ನಮ್ಮ ಮನ್ಯಾಗ ಇರಲಿಲ್ರಿ" ಎಂದಳು.

ಅವ್ವನ ಮುಖ ಬಾಡಿತು. "ಬಲಗೋಡು ಒಳಗ ಬಾಗಿತ್ರಿ" ಎಂದಳು.

ನೀಲವ್ವ ಮೊರವನ್ನು ಕೆಳಗಿಟ್ಟಳು. "ಅಯ್ಯ, ಅದು ನಮ್ಮ ಹಾನಗಲ್ಲಾ. 'ಹೆಸರು ಕೇಳಿದ್ರ ಆ ಹುಡುಗ ಹೇಳವೊಲ್ಲ, ಹಾನಗಲ್ಲಿಂದ ಬಂದಾನ, ಹಾನಗಲ್ಲಾ ಅನ್ನೂಣು' ಅಂದಿದ್ರು ನಮ್ಮ ಯಜಮಾನ್ರು. ಭಾಳ ಶ್ಯಾಣ್ಯಾ ಎತ್ತು. ಆದ್ರ ಮುಂಜಾನೆ ಬಾಯಿಗೆ ಬೆಲ್ಲ ಇಡದ ಹೊರ್ತು ನೊಗಕ್ಕ ಹೆಗಲು ಕೊಡ್ತಿರಲಿಲ್ಲ ನೋಡ್ರಿ. ಯಾರು ರೂಢಿ ಮಾಡಿದ್ರೋ ಏನೋ."

"ನಾನ" ಎಂದಳು ಅವ್ವ.

ಇಬ್ಬರೂ ಮುದುಕಿಯರು ಒಬ್ಬರನ್ನೊಬ್ಬರು ನೋಡಿ ನಗತೊಡಗಿದರು. ಹಂಡ್ಯಾ ಆ ಮನೆಯಲ್ಲಿ ಒಂಬತ್ತು ವರ್ಷ ಬದುಕಿದ್ದನಂತೆ. ಹೊಲದ ಬದುವಿನಲ್ಲಿ ಬೇವಿನ ಮರದ ಬುಡಕ್ಕೆ ಮಣ್ಣು ಮಾಡಿದ್ದರು. ಅವ್ವ ಅಲ್ಲಿ ಸ್ವಲ್ಪ ಹೊತ್ತು ನಿಂತಳು, ಮರದ ಬುಡಕ್ಕೆ ಅಂಗೈ ಹಚ್ಚಿದಳು, ಬಿಸಿಲು ಜೋರಾಗೇತಿ ನಡೀರಿ ಎಂದಳು. ಆಮೇಲೆ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ. ಅವರಿಬ್ಬರ ಮಾತು ಎತ್ತಿನಿಂದ ಸೊಸೆಯಂದಿರಿಗೆ, ಸೊಸೆಯಂದಿರಿಂದ ಮೊಣಕಾಲಿಗೆ ಬಂದು ನಿಂತು, ಅಲ್ಲಿಂದ ಕದಲಲಿಲ್ಲ. ನಲವತ್ತು ವರ್ಷದ ಗೆಳತಿಯರ ಹಾಗೆ ಕಂಡರು.

ಹೊರಡುವಾಗ ನೀಲವ್ವನ ಮರಿಮಗಳು, ಆರು ತುಂಬಲಿರುವ ಚುರುಕು ಹುಡುಗಿ, ಮುತ್ತಜ್ಜಿಯ ಸೆರಗು ಜಗ್ಗಿ ತನ್ನ ಹುಟ್ಟುಹಬ್ಬ ಬಂತೆಂದು ನೆನಪಿಸಿದಳು.

"ಏನು ಬೇಕವಾ ನಿನಗ? ಇವಾ ನನ್ನ ಮಗಾ, ಬೇಕಾದ ಆಕಾರದ್ದು ಕೇಕ್ ಮಾಡ್ತಾನ" ಎಂದಳು ಅವ್ವ, ನನ್ನನ್ನು ಒಂದು ಮಾತು ಕೇಳದೆ.

"ಜೇಸಿಬಿ" ಎಂದಿತು ಮಗು.

"ಮಾಡ್ತಾನ ತಗೋ. ಅವಗ ಕಾಲೇಜಿನ್ಯಾಗ ಅಂಥಾ ಕೆಲಸ ಏನಿರಂಗಿಲ್ಲ."

ನಾನು ಆ ಮಗುವಿನ ಮುಂದೆ ಮೊಣಕಾಲೂರಿ ಕುಳಿತೆ. ಒಂದು ಮಾತನ್ನು ಕೇಳದೆ ಬಿಟ್ಟರೆ ಅದರ ಉತ್ತರಕ್ಕೆ ಎಷ್ಟು ವರ್ಷ ಹಿಡಿಯುತ್ತದೆಂದು ಈಗಷ್ಟೇ ಕಲಿತವನು ನಾನು. ಯಾವ ಬಣ್ಣ, ಗಾಲಿ ಎಷ್ಟು, ಒಳಗೆ ಡ್ರೈವರ್ ಇರಬೇಕೋ ಬೇಡವೋ, ಎಲ್ಲವನ್ನೂ ಕೇಳಿ ಕಾಗದದಲ್ಲಿ ಬರೆದುಕೊಂಡೆ.

"ಬಕೆಟ್ ಕೆಳಗ ಇಳಿಸಿರಬೇಕೋ, ಮ್ಯಾಲೆ ಎತ್ತಿರಬೇಕೋ?"

ಅವಳು ಹುಬ್ಬು ಗಂಟಿಕ್ಕಿ ಬಹಳ ಯೋಚನೆ ಮಾಡಿ, "ಮ್ಯಾಲೆ" ಎಂದಳು.

ಮೈದಾ ಹಿಟ್ಟಿಗೆ ಅದು ಎಷ್ಟು ಕಷ್ಟವೆಂದು ಗೊತ್ತಿದ್ದೂ, ಮ್ಯಾಲೆ ಎಂದೇ ಬರೆದುಕೊಂಡೆ.